ಹಿಂಗಾರಿನ ತೂಫಾನಿಗೆ ಬೋಟು ಕಟ್ಟುವುದು: ಮಳೆನೀರಿನಿಂದ ಅಳಿವೆ ಬಾಗಿಲಿನವರೆಗೆ

ಜೂನ್ ಮಳೆಗೆ ನಮ್ಮ ಕರಾವಳಿಯಲ್ಲಿ ಬೋಟಿನವರು ಅಷ್ಟಾಗಿ ಹೆದರುವುದಿಲ್ಲ. ಅದು ಬಂದೇ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಬೋಟು ಹೊಳೆಯೊಳಗೆ ಭದ್ರವಾಗಿ ನಿಂತಿರುತ್ತದೆ, ಬಲೆ ಶೆಡ್ಡಿನಲ್ಲಿರುತ್ತದೆ. ಹೊಟ್ಟೆ ಉರಿಸುವ ಮಳೆ ಬೇರೆ. ದೀಪಾವಳಿ ಆಸುಪಾಸಿನಲ್ಲೋ ಡಿಸೆಂಬರಿನಲ್ಲೋ, ಮೀನಿಗೆ ಒಳ್ಳೆ ರೇಟಿರುವಾಗ, ಇನ್ನು ಚಳಿ ಶುರುವಾಯಿತು ಅಂತ ಟಾರ್ಪಾಲು ಮಡಚಿಟ್ಟ ಮೇಲೆ ಬರುತ್ತದಲ್ಲ, ಅದು.

2019ರ ದೀಪಾವಳಿ ನೆನಪಿದೆಯಾ? ಅಕ್ಟೋಬರ್ 27. ಆ ದಿನ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್ ಆಗಿ ಕುಣಿಯುತ್ತಿತ್ತು. ಅದು ಪೂರ್ತಿ ತಣಿಯುವ ಮೊದಲೇ ಮಹಾ ಅನ್ನುವ ಇನ್ನೊಂದು ತೂಫಾನು ಎದ್ದಿತು. ಅದಕ್ಕೂ ಮುಂಚೆ, 2017ರ ಡಿಸೆಂಬರಿನ ಮೊದಲ ವಾರ ಒಖಿ. 2024ರಲ್ಲಿ ಫೆಂಗಲ್ ಪುದುಚೇರಿ ಹತ್ತಿರ ನೆಲ ಮುಟ್ಟಿತು. ಅಲ್ಲಿಂದ ಸೊರಗಿ ಈ ಕಡೆ ಬಂದು, ಡಿಸೆಂಬರ್ 3ರ ಹೊತ್ತಿಗೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಮಳೆಗಾಲದಂತೆ ಸುರಿಸಿತು. ಇವುಗಳಲ್ಲಿ ಒಂದೂ ತೂಫಾನಾಗಿ ನಮ್ಮ ಕರಾವಳಿಗೆ ನೇರವಾಗಿ ಅಪ್ಪಳಿಸಿದ್ದಲ್ಲ. ದೂರದಲ್ಲಿ ಹಾದು ಹೋದರೂ ಬೋಟು ಮುಳುಗಿಸಲು ಅಷ್ಟು ಸಾಕು.

ನಮ್ಮ ಮನೆಯ ಗಿಲ್‌ನೆಟ್ ಬೋಟು ಒಂದು ಡಿಸೆಂಬರಿನಲ್ಲಿ ಮುಳುಗಿತು. ಸಮುದ್ರದಲ್ಲಿ ಅಲ್ಲ, ಧಕ್ಕೆಗೆ, ಅಂದರೆ ಜೆಟ್ಟಿಗೆ ಕಟ್ಟಿದಲ್ಲೇ. ಗಾಳಿಯೂ ಅಂಥದ್ದೇನಿರಲಿಲ್ಲ. ಡೆಕ್ಕಿನ ನೀರುಗಂಡಿಗೆ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿತ್ತು. ರಾತ್ರಿಯಿಡೀ ಮಳೆ ಬಂತು. ಪಂಪಿನ ಬ್ಯಾಟರಿ ಯಾವತ್ತೋ ಸತ್ತಿತ್ತು, ನಾವು ನೋಡಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಕ್ಯಾಬಿನ್ನಿನ ಮಾಡು ಮಾತ್ರ ಕಾಣುತ್ತಿತ್ತು. ಅದಕ್ಕೇ ಈ ಬರಹದಲ್ಲಿ ಗಾಳಿಗಿಂತ ಮೊದಲು ಮಳೆನೀರಿನ ಮಾತು.

ಮೊದಲು: ನೀರಿನ ಲೆಕ್ಕ

ಹವಾಮಾನ ಇಲಾಖೆ "ಭಾರಿ ಮಳೆ" ಅನ್ನುವುದು 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದಾಗ. 115.6 ದಾಟಿದರೆ "ಅತಿ ಭಾರಿ". 204.5ರ ಮೇಲೆ ಹೋದರೆ ಇನ್ನೂ ಮೇಲಿನ ವರ್ಗ. ಈ ಅಂಕಿಯನ್ನು ಬೋಟಿನ ಭಾಷೆಗೆ ತರುವುದು ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು.

ನಿಮ್ಮ ಬೋಟಿನ ಡೆಕ್ಕು 50 ಚದರ ಮೀಟರ್ ಅಂತಿಟ್ಟುಕೊಳ್ಳಿ. 100 ಮಿ.ಮೀ. ಮಳೆ ಬಂದರೆ ಅದರ ಮೇಲೆ ಬೀಳುವುದು 5,000 ಲೀಟರ್, ಅಂದರೆ 5 ಟನ್. ನೀರುಗಂಡಿಗಳು ಸರಿಯಿದ್ದರೆ ಅದು ಹೊರಗೆ ಹೋಗುತ್ತದೆ. ಕಟ್ಟಿಕೊಂಡರೆ ಮುಚ್ಚಳದ ಸಂದಿಯಿಂದ ಬೋಟಿನ ಹೊಟ್ಟೆಗೆ ಇಳಿಯುತ್ತದೆ. ನಾಡದೋಣಿಯವರಿಗೆ ಗಂಡಿಯ ಮಾತೇ ಇಲ್ಲ. 15 ಚದರ ಮೀಟರಿನ ತೆರೆದ ದೋಣಿಯಲ್ಲಿ ಅದೇ ಮಳೆಗೆ 1,500 ಲೀಟರ್ ನಿಲ್ಲುತ್ತದೆ. 20 ಲೀಟರಿನ ಬಾಲ್ದಿಯಲ್ಲಿ 75 ಸಲ ಎತ್ತಿ ಹಾಕಬೇಕು. ಒಬ್ಬರೇ ರಾತ್ರಿ ಎರಡು ಗಂಟೆಗೆ ಎತ್ತಿ ನೋಡಿ, ಆಮೇಲೆ ಈ ಲೆಕ್ಕ ಮರೆಯುವುದಿಲ್ಲ.

ನೀರಿನ ಭಾರಕ್ಕಿಂತ ಅದರ ಓಡಾಟ ಇನ್ನೂ ಕೆಟ್ಟದ್ದು. ಬೋಟು ಒಂದು ಕಡೆ ವಾಲಿದರೆ ನೀರೆಲ್ಲ ಅದೇ ಕಡೆಗೆ ಓಡುತ್ತದೆ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಅಷ್ಟರಲ್ಲಿ ಪಕ್ಕದ ಯಾವುದಾದರೂ ತೂತು ನೀರಿನ ಮಟ್ಟಕ್ಕೆ ಇಳಿದರೆ ಮುಗಿಯಿತು. ಮಳೆಯ ಜೊತೆಗೆ ಹೊಳೆಯೂ ಒಳಗೆ ಬರುತ್ತದೆ.

ಅಕ್ಟೋಬರಿಗೆ ಮುಂಚೆಯೇ ಮಾಡುವ ಕೆಲಸ

ಮಳೆ ಇಲ್ಲದ ಒಂದು ಭಾನುವಾರ ಸಾಕು. ಡೆಕ್ಕಿನ ಎಲ್ಲ ನೀರುಗಂಡಿಗಳಿಗೂ ಕಬ್ಬಿಣದ ಸರಳು ಹಾಕಿ ತೆಗೆಯಿರಿ. ಮೀನಿನ ಹುರುಪೆ, ಬಲೆಯ ನೂಲು, ಬೀಡಿ ಪೊಟ್ಟಣ, ಏನೇನೋ ಬರುತ್ತದೆ. ಬಾಲ್ದಿಯಲ್ಲಿ ನೀರು ಸುರಿದು ಹೊರಗೆ ಬೀಳುವುದನ್ನು ಕಣ್ಣಾರೆ ನೋಡಿ. ಮೀನಿನ ಸ್ಟೋರೇಜಿನ ಮುಚ್ಚಳ, ಎಂಜಿನ್ ರೂಮಿನ ಮುಚ್ಚಳಗಳ ರಬ್ಬರ್ ಹರಿದಿದ್ದರೆ ಬದಲಿಸಿ. ಹಳೇ ಲಾರಿ ಟ್ಯೂಬು ಕತ್ತರಿಸಿ ಅಂಟಿಸಿದರೂ ಒಂದು ಸೀಸನ್ ನಡೆಯುತ್ತದೆ.

ಆಮೇಲೆ ಸ್ಟರ್ನ್ ಟ್ಯೂಬು. ಫ್ಯಾನಿನ (ಬೋಟು ತಳ್ಳುವ ಪ್ರೊಪೆಲ್ಲರಿನ) ಶಾಫ್ಟು ಹೊರಗೆ ಹೋಗುವ ಜಾಗದಲ್ಲಿ ಹನಿ ಹನಿ ನೀರು ಒಳಗೆ ಬರುವುದು ಹೊಸದೇನಲ್ಲ. ದಿನಾ ಎಂಜಿನ್ ಓಡುವಾಗ ಪಂಪು ಅದನ್ನು ಎತ್ತಿ ಹಾಕುತ್ತಿರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ತೂಫಾನು ಅಂತ ನಾಲ್ಕು ದಿನ ಬೋಟು ನಿಂತರೆ ಆ ಹನಿಯೇ ಬಾಲ್ದಿಗಟ್ಟಲೆ ನೀರಾಗುತ್ತದೆ. ಅಲ್ಲಿ ನೀರು ತಡೆಯುವ ಗ್ಲ್ಯಾಂಡ್ ಬಿಗಿ ಮಾಡಿ, ಅದರೊಳಗಿನ ಪ್ಯಾಕಿಂಗ್ ಹಳತಾಗಿದ್ದರೆ ಹೊಸದು ಹಾಕಿಸಿ. ಮರದ ಬೋಟಾದರೆ ಹಲಗೆ ಸಂದಿಗಳನ್ನೂ ನೋಡಿ.

ಪಂಪಿನ ವಿಷಯದಲ್ಲಿ ಡಬ್ಬಿಯ ಮೇಲೆ ಬರೆದಿದ್ದನ್ನು ನಂಬಬೇಡಿ. ಅದು ನೀರನ್ನು ಮೇಲಕ್ಕೆ ಎತ್ತದೆ ಅಳೆದ ಲೆಕ್ಕ. ಪೈಪು ಒಂದೂವರೆ ಮೀಟರ್ ಮೇಲೆ ಹೋಗಿ ಹೊರಗೆ ಬೀಳುವಾಗ ಅಷ್ಟು ಬರುವುದಿಲ್ಲ. ನೀವೇ ಬಾಲ್ದಿ ಹಿಡಿದು, ಮೊಬೈಲಿನಲ್ಲಿ ಟೈಮ್ ಇಟ್ಟು ಅಳೆಯಿರಿ. 20 ಲೀಟರಿನ ಬಾಲ್ದಿ ಅರ್ಧ ನಿಮಿಷದಲ್ಲಿ ತುಂಬಿದರೆ ಗಂಟೆಗೆ 2,400 ಲೀಟರ್.

ಬ್ಯಾಟರಿಗೂ ಇದೇ ರೀತಿ ಲೆಕ್ಕ ಹಾಕಿ. 12 ವೋಲ್ಟಿನ ಪಂಪು 8 ಆಂಪಿಯರ್ ಎಳೆಯುತ್ತದೆ ಅಂದರೆ 100 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಕಾಗದದ ಮೇಲೆ 12 ಗಂಟೆ ಬರಬೇಕು. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿ ಹಾಳು. ಹಾಗಾಗಿ 6 ಗಂಟೆ ಅಂತ ಹಿಡಿಯಿರಿ. ಒಂದು ರಾತ್ರಿಗೇ ಸಾಲದು! ಆದ್ದರಿಂದ ನೀರು ಏರಿದಾಗ ಮಾತ್ರ ಪಂಪು ಶುರುವಾಗುವ ಫ್ಲೋಟ್ ಸ್ವಿಚ್ ಬೇಕೇ ಬೇಕು. ಸಣ್ಣ ಸೋಲಾರ್ ಪ್ಯಾನೆಲ್ ಇದ್ದರೆ ಒಳ್ಳೆಯದು, ಆದರೆ ಮೂರು ದಿನ ಮೋಡ ಕವಿದರೆ ಅದರಿಂದ ಏನೂ ಬರುವುದಿಲ್ಲ. ಪಂಪಿನ ವೈರು ಮೇನ್ ಸ್ವಿಚ್ಚಿನ ಮೂಲಕ ಹೋಗದೆ ಫ್ಯೂಸ್ ಹಾಕಿಕೊಂಡು ನೇರ ಬ್ಯಾಟರಿಗೆ ಹೋಗಲಿ. ಮನೆಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡಿ, ಅದರ ಜೊತೆಗೆ ಪಂಪನ್ನೂ ಆಫ್ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಕೈಪಂಪು ಒಂದು ಇಟ್ಟುಕೊಳ್ಳಿ. ಅದಕ್ಕೆ ಬ್ಯಾಟರಿ ಬೇಡ.

ಬೋಟಿನ ರಿಜಿಸ್ಟ್ರೇಷನ್, ಲೈಸೆನ್ಸ್, ವಿಮೆ, ಕಲಾಸಿಗಳ (ಬೋಟಿನ ಕೆಲಸಗಾರರ) ಆಧಾರ್: ಎಲ್ಲದರ ಫೋಟೋ ತೆಗೆದು ಮೊಬೈಲಿನಲ್ಲಿಡಿ. ಬೋಟಿನದ್ದೂ ನಾಲ್ಕು ಕಡೆಯಿಂದ ತೆಗೆಯಿರಿ.

ಮುನ್ಸೂಚನೆ ಓದುವುದು

ಟಿವಿಯವರು ಕಿರುಚುವವರೆಗೆ ಕಾಯಬೇಡಿ. ಹವಾಮಾನ ಇಲಾಖೆ ಮೀನುಗಾರರಿಗೆ ಅಂತಲೇ ಪ್ರತ್ಯೇಕ ಎಚ್ಚರಿಕೆ ಕೊಡುತ್ತದೆ. ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ತೂಫಾನಾದರೆ ಎಚ್ಚರಿಕೆ ಹಂತ ಹಂತವಾಗಿ ಬರುತ್ತದೆ: ಸುಮಾರು 72 ಗಂಟೆ ಮುಂಚೆ ಒಂದು, 48 ಗಂಟೆ ಮುಂಚೆ ಇನ್ನೊಂದು, 24 ಗಂಟೆ ಮುಂಚೆ ಮತ್ತೊಂದು. ನಿಮ್ಮ ಕೆಲಸವನ್ನೂ ಇದೇ ಮೂರು ಪಾಲು ಮಾಡಿಕೊಳ್ಳಿ. 72ಕ್ಕೆ ದೂರ ಹೋದ ಬೋಟನ್ನು ಕರೆಯುವುದು. 48ಕ್ಕೆ ಡೆಕ್ಕು ಖಾಲಿ ಮಾಡಿ ಹಗ್ಗ ಹಾಕುವುದು. 24 ಅಂದಾಗ ನಿಮ್ಮ ಕೆಲಸ ಮುಗಿದಿರಬೇಕು.

ತೂಫಾನಿಗೆ ಹೆಸರು ಬರುವುದು ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆ. ಅದಕ್ಕಿಂತ ಕಡಿಮೆಯಿದ್ದರೆ ಬರೀ ವಾಯುಭಾರ ಕುಸಿತ. ಹೆಸರಿಲ್ಲ ಅಂತ ಸುಮ್ನೆ ಕೂರಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಬೋಟನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 25 ಕಿ.ಮೀ. ಗಾಳಿಗೆ ತಡೆದ ಹಗ್ಗ 50ಕ್ಕೂ ತಡೆಯುತ್ತದೆ ಅನ್ನುವಂತಿಲ್ಲ. ಬಂದರಿನಲ್ಲಿ 3ನೇ ನಂಬರ್ ಸಿಗ್ನಲ್ ಏರಿಸಿದರೆ ಅದು ಸ್ಥಳೀಯ ಎಚ್ಚರಿಕೆ, ನಿಮ್ಮ ಬಂದರಿಗೇ ಬಿರುಸು ಗಾಳಿ ಬರಬಹುದು ಅಂತ. 1 ಮತ್ತು 2 ದೂರದ ತೂಫಾನಿನದ್ದು.

ಹಳಬರು ನೋಡುವ ಇನ್ನೊಂದು ಗುರುತಿದೆ. ಗಾಳಿಯೇ ಇಲ್ಲ, ಆದರೆ ದೊಡ್ಡ ದೊಡ್ಡ ಅಲೆಗಳು ನಿಧಾನಕ್ಕೆ, ದೂರ ದೂರಕ್ಕೆ ಒಂದೊಂದಾಗಿ ದಡಕ್ಕೆ ಬರುತ್ತಿವೆ. ದೂರದಲ್ಲಿ ಎಲ್ಲೋ ಗಾಳಿ ಎಬ್ಬಿಸಿದ ಅಲೆ ಅದು, ಗಾಳಿಗಿಂತ ಮುಂಚೆ ಬಂದು ಮುಟ್ಟಿದೆ.

ಗಾಳಿ ತಿರುಗುತ್ತದೆ

ಇದು ಗೊತ್ತಿಲ್ಲದೆ ಕಟ್ಟಿದವರ ಬೋಟು ಮಧ್ಯರಾತ್ರಿ ಬಿಚ್ಚಿಕೊಳ್ಳುತ್ತದೆ. ನಮ್ಮ ಕಡೆ ತೂಫಾನಿನ ಗಾಳಿ ಗಡಿಯಾರದ ಮುಳ್ಳಿಗೆ ಎದುರು ಸುತ್ತುತ್ತದೆ. ತೂಫಾನು ಸಮುದ್ರದಲ್ಲೇ ದಕ್ಷಿಣದಿಂದ ಉತ್ತರಕ್ಕೆ ಹಾದು ಹೋಗುತ್ತಿದೆ ಅಂದುಕೊಳ್ಳಿ. ಮೊದಲು ನಮಗೆ ಗಾಳಿ ಮೂಡಣದಿಂದ, ಅಂದರೆ ಘಟ್ಟದ ಕಡೆಯಿಂದ ಬರುತ್ತದೆ. ಆಗ ಹೊಳೆಯಲ್ಲಿ ಅಲೆ ಕಡಿಮೆ, "ಅಷ್ಟೇನಾ?" ಅನಿಸುತ್ತದೆ. ತೂಫಾನು ನಮ್ಮ ಪಕ್ಕಕ್ಕೆ ಬಂದಾಗ ಗಾಳಿ ತೆಂಕಣಕ್ಕೆ ತಿರುಗುತ್ತದೆ. ಅದು ಮುಂದೆ ಹೋದ ಮೇಲೆ ನೈಋತ್ಯದಿಂದ, ಸಮುದ್ರದ ಅಲೆಯನ್ನೂ ಹೊತ್ತುಕೊಂಡು ಹೊಡೆಯುತ್ತದೆ. ಸಂಜೆಯ ಗಾಳಿ ನೋಡಿ ಹಗ್ಗ ಕಟ್ಟಿದರೆ ಬೆಳಗಿನ ಜಾವದ ಗಾಳಿ ಇನ್ನೊಂದು ಬದಿಗೆ ಬೀಳುತ್ತದೆ. ಎಲ್ಲ ದಿಕ್ಕಿಗೂ ಕಟ್ಟಬೇಕು.

ಹಗ್ಗ

ಅಪ್ಪಯ್ಯ ಈಗ ಬೋಟಿಗೆ ಹೋಗುವುದಿಲ್ಲ. ಮೋಡ ಕಪ್ಪಾದರೆ ಮಾತ್ರ ಜಗಲಿಯಿಂದಲೇ ಒಂದು ಪ್ರಶ್ನೆ ಬರುತ್ತದೆ: "ಹಗ್ಗ ಕಂಡ್ಯಾ ಮಗಾ?"

ಧಕ್ಕೆಗೆ ಕಟ್ಟುವಾಗ ಎದುರು ಒಂದು, ಹಿಂದೆ ಒಂದು ಹಗ್ಗ ಹಾಕಿ ಹೋಗುವುದು ದಿನದ ರೂಢಿ. ತೂಫಾನಿಗೆ ಇನ್ನೆರಡು ಬೇಕು: ಬೋಟಿನ ಎದುರಿನಿಂದ ಹಿಂದಕ್ಕೆ ಓರೆಯಾಗಿ ಒಂದು, ಹಿಂದಿನಿಂದ ಮುಂದಕ್ಕೆ ಓರೆಯಾಗಿ ಒಂದು. ಬೋಟು ಹಿಂದೆ ಮುಂದೆ ಓಡಾಡದಂತೆ ಹಿಡಿಯುವುದು ಈ ಅಡ್ಡ ಹಗ್ಗಗಳೇ. ಆಮೇಲೆ ನಾಲ್ಕಕ್ಕೂ ಜೋಡಿ ಹಾಕಿ. ಎಲ್ಲವನ್ನೂ ಒಂದೇ ಕಂಬಕ್ಕೆ ಸುತ್ತಬೇಡಿ. ಕಂಬ ಕಿತ್ತು ಬಂದರೆ ಎಂಟು ಹಗ್ಗ ಇದ್ದೂ ಪ್ರಯೋಜನವಿಲ್ಲ.

ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ, ಅಲೆಯ ಜಗ್ಗು ತಡೆದುಕೊಳ್ಳುತ್ತದೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಪುಡಿ ಆಗಿರುತ್ತದೆ. ಕೈಯಲ್ಲಿ ಉಜ್ಜಿದರೆ ಬಿಳಿ ಹಿಟ್ಟು ಬಂದರೆ ಅದನ್ನು ಬಲೆಯ ಗಂಟು ಕಟ್ಟಲು ಇಟ್ಟುಕೊಳ್ಳಿ, ಬೋಟಿಗೆ ಬೇಡ. ಹಗ್ಗವನ್ನು ಪೂರ್ತಿ ಬಿಗಿಯಾಗಿಯೂ ಕಟ್ಟಬಾರದು. ನಮ್ಮಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಹುಣ್ಣಿಮೆ, ಅಮಾವಾಸ್ಯೆಗೆ ಹತ್ತಿರ ಹತ್ತಿರ ಒಂದೂವರೆ ಮೀಟರ್. ತೂಫಾನಿನಲ್ಲಿ ನೀರು ಇನ್ನೂ ಮೇಲೆ ಏರುತ್ತದೆ. ಮೋಟು ಹಗ್ಗ ಬಿಗಿದರೆ ಉಬ್ಬರದಲ್ಲಿ ಬೋಟು ಮೇಲೇಳಲಾರದೆ ಒಂದು ಬದಿಗೆ ವಾಲಿ ನೀರು ಕುಡಿಯುತ್ತದೆ. ಉದ್ದ ಹಗ್ಗವನ್ನು ದೂರದ ಕಂಬಕ್ಕೆ ಕಟ್ಟಿದರೆ ಈ ತಾಪತ್ರಯ ಕಡಿಮೆ.

ಹಗ್ಗ ತುಂಡಾಗುವುದು ಜಗ್ಗಿ ಅಲ್ಲ, ಉಜ್ಜಿ. ಬೋಟಿನ ಅಂಚಿಗೆ, ಧಕ್ಕೆಯ ಕಾಂಕ್ರೀಟಿಗೆ ತಾಗುವ ಜಾಗದಲ್ಲೆಲ್ಲ ಹಳೇ ನೀರಿನ ಪೈಪು ಸೀಳಿ ತೊಡಿಸಿ, ಅದರ ಮೇಲೆ ಹರಿದ ಬಲೆ ಸುತ್ತಿ ಬಿಗಿಯಾಗಿ ಕಟ್ಟಿ. ನೂರು ರೂಪಾಯಿಯ ಕೆಲಸವೂ ಅಲ್ಲ.

ಮಲ್ಪೆ, ಮಂಗಳೂರಿನಂಥ ಕಡೆ ಒಂದರ ಪಕ್ಕ ಒಂದರಂತೆ ಸಾಲಾಗಿ ಬೋಟು ಕಟ್ಟುತ್ತಾರೆ, ಬೇರೆ ದಾರಿಯಿಲ್ಲ. ಹೊರಗಿನ ಬೋಟುಗಳ ಭಾರವೆಲ್ಲ ಒಳಗಿನ ಬೋಟಿನ ಕಂಬಕ್ಕೆ ಬೀಳುತ್ತದೆ. ಪ್ರತಿ ಬೋಟಿನಿಂದಲೂ ಧಕ್ಕೆಗೆ ಸ್ವಂತ ಹಗ್ಗ ಹೋಗಲೇಬೇಕು. ನಡುವೆ ಟಯರು ಜಾಸ್ತಿ ಇಳಿಬಿಡಿ. ಪಕ್ಕದ ಬೋಟಿನವರನ್ನು ಕರೆದು, "ಅಣ್ಣ, ನಿಮ್ಮ ಎದುರಿನ ಹಗ್ಗ ಸವೆದಿದೆ, ಬದಲಿಸೋಣ" ಅಂತ ಹೇಳಲು ಸಂಕೋಚ ಬೇಡ. ಅವರ ಹಗ್ಗ ಹೋದರೆ ಅವರ ಬೋಟು ಬೀಳುವುದು ನಿಮ್ಮ ಬೋಟಿನ ಮೇಲೆಯೇ ಅಲ್ವಾ?

ಹೊಳೆಯ ನಡುವೆ ಲಂಗರು ಹಾಕುವುದಾದರೆ ಹೀಗೆ ಲೆಕ್ಕ ಹಾಕಿ. ಉಬ್ಬರದಲ್ಲಿ ಆಳ 4 ಮೀಟರ್, ತೂಫಾನಿಗೆ ಏರುವ ನೀರು 1 ಮೀಟರ್, ನೀರಿನಿಂದ ಬೋಟಿನ ಮೂತಿಯ ಎತ್ತರ ಒಂದೂವರೆ. ಒಟ್ಟು ಆರೂವರೆ. ಅದರ ಏಳು ಪಟ್ಟು, ಅಂದರೆ 45 ಮೀಟರ್ ಹಗ್ಗ ಬಿಡಬೇಕು. ಲಂಗರಿನ ಹತ್ತಿರ ಐದಾರು ಮೀಟರ್ ಸರಪಳಿ ಇರಲಿ. ಹಗ್ಗ ಮೋಟಾದರೆ ಅಲೆ ಎತ್ತಿದಾಗ ಲಂಗರನ್ನು ಮೇಲಕ್ಕೆ ಕೀಳುತ್ತದೆ. ಉದ್ದವಾಗಿದ್ದರೆ ಅಡ್ಡಕ್ಕೆ ಎಳೆಯುತ್ತದೆ, ಲಂಗರು ಕೆಸರಲ್ಲಿ ಇನ್ನೂ ಹೂತುಕೊಳ್ಳುತ್ತದೆ. ಅಷ್ಟು ಉದ್ದ ಬಿಡಲು ಜಾಗವಿಲ್ಲದಿದ್ದರೆ ಎರಡು ಲಂಗರು, ಇಂಗ್ಲಿಷಿನ ವಿ ಅಕ್ಷರದಂತೆ ಅಗಲಿಸಿ.

ಹೊಳೆಯಲ್ಲಿ ಇನ್ನೊಂದು ಅಪಾಯ ಮೇಲಿನಿಂದ ಬರುತ್ತದೆ. ಘಟ್ಟದಲ್ಲಿ ಮಳೆಯಾದರೆ ಮರದ ದಿಮ್ಮಿ, ಬಿದಿರು ಮೆಳೆ, ಬಾಳೆಗಿಡ ಎಲ್ಲ ತೇಲಿ ಬಂದು ಲಂಗರಿನ ಹಗ್ಗಕ್ಕೆ ತೊಡರುತ್ತವೆ. ಕಾಳಿ, ಶರಾವತಿಯಲ್ಲಿ ಮೇಲೆ ಅಣೆಕಟ್ಟುಗಳಿವೆ. ಮುಂಗಾರು ಮುಗಿದಾಗ ಅವು ತುಂಬಿರುವ ಕಾಲ. ಗೇಟು ತೆಗೆಯುವ ಸುದ್ದಿಯನ್ನೂ ಕೇಳುತ್ತಿರಿ. ತೊಡರಿದ್ದನ್ನು ಕಡಿಯಲು ಕತ್ತಿ ಕೈಗೆ ಸಿಗುವಲ್ಲಿ ಇರಲಿ.

ಡೆಕ್ಕು ಖಾಲಿ ಮಾಡಿ

ಬಲೆಯ ರಾಶಿ ಡೆಕ್ಕಿನ ಮೇಲಿದ್ದರೆ ನೀರು ಹೀರಿ ಭಾರವಾಗುತ್ತದೆ, ಗಾಳಿಯನ್ನೂ ಹಿಡಿಯುತ್ತದೆ. ದಡಕ್ಕೆ ಸಾಗಿಸಿ. ಆಗದಿದ್ದರೆ ಸ್ಟೋರೇಜಿಗೆ ಇಳಿಸಿ. ಮೀನಿನ ಬುಟ್ಟಿ, ಕ್ರೇಟು, ಗ್ಯಾಸ್ ಸಿಲಿಂಡರ್, ಡೀಸೆಲ್ ಕ್ಯಾನ್, ಎಲ್ಲ ಹೊರಗೆ. ಟಾರ್ಪಾಲಿನ ಮಾಡು ಬಿಚ್ಚಿ ಮಡಚಿ. ಗಾಳಿಗೆ ಅದು ಹಾಯಿಯಾಗಿಬಿಡುತ್ತದೆ. ಸೈಲೆನ್ಸರ್ ಬಾಯಿಗೆ ಡಬ್ಬಿ ಕವಿಚಿ ಕಟ್ಟಿ, ಆದರೆ ಎಂಜಿನ್ ಶುರು ಮಾಡುವ ಮೊದಲು ತೆಗೆಯಬೇಕು ಅಂತ ಚುಕ್ಕಾಣಿಯ ಮೇಲೆ ಚೀಟಿ ಅಂಟಿಸಿ. ವಯರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ಮನೆಗೆ.

ನಾಡದೋಣಿಯವರು ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಮನೆಗೆ ಒಯ್ಯಿರಿ. ದೋಣಿಯನ್ನು ಸಾಮಾನ್ಯ ಉಬ್ಬರದ ಗೆರೆಗಿಂತ ಎಷ್ಟು ಮೇಲೆ ಎಳೆಯಲಾಗುತ್ತದೋ ಅಷ್ಟು ಎಳೆಯಿರಿ. ಕಡಲ್ಕೊರೆತ ಇರುವ ಕಡೆ ಮರಳಿನ ದಿಬ್ಬವನ್ನೇ ನಂಬಬೇಡಿ, ರಸ್ತೆಯವರೆಗೆ ತನ್ನಿ. ದಡದ ಮೇಲೆ ಇಟ್ಟ ದೋಣಿಯ ತಳದ ಬಿರಡೆ ತೆಗೆದಿಡಿ, ಮಳೆನೀರು ತಾನಾಗಿ ಇಳಿದು ಹೋಗಲಿ. ಬಿರಡೆಯನ್ನು ಎಂಜಿನ್ನಿಗೇ ಕಟ್ಟಿಡಿ, ಮತ್ತೆ ನೀರಿಗೆ ಇಳಿಸುವಾಗ ಮರೆಯುವುದಿಲ್ಲ. ಫೈಬರ್ ದೋಣಿ ಹಗುರ, ಗಾಳಿ ಅದನ್ನು ಮಗುಚುತ್ತದೆ. ಒಳಗೆ ಮರಳಿನ ಚೀಲ ಹಾಕಿ ಎರಡು ಕಡೆ ಗೂಟಕ್ಕೆ ಕಟ್ಟಿ. ತೆಂಗಿನ ಮರದ ಬುಡದಲ್ಲಿ ಮಾತ್ರ ಇಡಬೇಡಿ. ಕಾಯಿ, ಹೆಡೆ, ಕೆಲವೊಮ್ಮೆ ಮರವೇ ಬೀಳುತ್ತದೆ.

ಸಮುದ್ರದಲ್ಲಿ ಸಿಕ್ಕಿಕೊಂಡರೆ

ಆಳ ಸಮುದ್ರಕ್ಕೆ ಹೋದ ಬೋಟಿನ ತಾಂಡೇಲರು (ಬೋಟು ನಡೆಸುವವರು) ಮೊದಲು ನೋಡಬೇಕಾದದ್ದು ದೂರ. ದಡಕ್ಕೆ 100 ನಾಟಿಕಲ್ ಮೈಲಿ ಇದೆ, ಬೋಟು 7 ನಾಟಿಗೆ (ಗಂಟೆಗೆ 7 ನಾಟಿಕಲ್ ಮೈಲಿ) ಓಡುತ್ತದೆ ಅಂದರೆ 14 ಗಂಟೆ. ಎದುರು ಗಾಳಿ, ಅಲೆಯಲ್ಲಿ 4 ನಾಟಿಗೆ ಇಳಿದರೆ 25 ಗಂಟೆ. "ಇನ್ನೊಂದು ಬಲೆ ಹಾಕಿ ಹೊರಡೋಣ" ಅನ್ನುವುದಕ್ಕೆ ಮೊದಲು ಈ ಭಾಗಾಕಾರ ಮಾಡಿ. ಮಾಲೀಕರು ದಡದಿಂದ ವಯರ್‌ಲೆಸ್ಸಿನಲ್ಲಿ "ಮೀನು ಎಷ್ಟಾಯಿತು?" ಅಂತ ಕೇಳುವ ಹೊತ್ತೂ ಅದಲ್ಲ.

ಸ್ವಂತ ಬಂದರಿಗೇ ಬರಬೇಕು ಅನ್ನುವ ಹಟ ಬೇಡ. ಒಖಿ ಬಂದಾಗ, ಕ್ಯಾರ್ ಬಂದಾಗ ಹೊರರಾಜ್ಯದ ಬೋಟುಗಳೂ ಕಾರವಾರದಲ್ಲಿ ಬಂದು ನಿಂತವು. ಗುಡ್ಡ, ದ್ವೀಪಗಳ ಮರೆ ಇರುವ ಜಾಗ ಅದು. ಹತ್ತಿರದ ಒಳ್ಳೆಯ ಆಸರೆ ಯಾವುದೋ ಅಲ್ಲಿಗೆ ಹೋಗಿ.

ದಡ ಮುಟ್ಟಲಾಗದಿದ್ದರೆ ಎಂಜಿನ್ ನಿಧಾನಕ್ಕೆ ಓಡಿಸಿ, ಮೂತಿಯನ್ನು ಅಲೆಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಅಡ್ಡ ನಿಲ್ಲಬೇಡಿ. ಎಂಜಿನ್ ನಿಂತರೆ ಎದುರಿನಿಂದ ಉದ್ದ ಹಗ್ಗಕ್ಕೆ ಬಲೆಯ ಗಂಟು, ಟಯರು ಕಟ್ಟಿ ನೀರಿಗೆ ಬಿಡಿ. ಆ ಎಳೆತಕ್ಕೆ ಮೂತಿ ಅಲೆಯ ಕಡೆಗೇ ನಿಲ್ಲುತ್ತದೆ. ಎಲ್ಲರಿಗೂ ಲೈಫ್ ಜಾಕೆಟ್, ದಿಂಬಿನಂತೆ ತಲೆಯಡಿ ಇಡಲು ಅಲ್ಲ. ವಯರ್‌ಲೆಸ್ಸಿನ ವಿಎಚ್‌ಎಫ್ ಚಾನೆಲ್ 16ರಲ್ಲಿ ಬೋಟಿನ ಹೆಸರು, ಜಿಪಿಎಸ್ ಅಂಕಿ, ಎಷ್ಟು ಜನ, ಈ ಮೂರು ಮೊದಲು ಹೇಳಿ. ಮೊಬೈಲ್ ಸಿಗುವಲ್ಲಿ ಕೋಸ್ಟ್‌ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಬೋಟಿನಲ್ಲಿ ಡ್ಯಾಟ್ (ಅಪಾಯದ ಸಂದೇಶ ಕಳಿಸುವ ಯಂತ್ರ) ಇದ್ದರೆ ಬಟನ್ ಒತ್ತಿ.

ಕೊನೆಯ ಗಂಡಾಂತರ ಅಳಿವೆ ಬಾಗಿಲು. ಹೊಳೆಯ ನೀರು ಹೊರಗೆ ನುಗ್ಗುವಾಗ ಸಮುದ್ರದ ಅಲೆ ಎದುರಿನಿಂದ ಬಂದರೆ ಅಲ್ಲಿ ನೀರು ಗೋಡೆಯಂತೆ ನಿಂತು ಒಡೆಯುತ್ತದೆ. ಹೊನ್ನಾವರದಲ್ಲಿ ಶರಾವತಿ ಬಾಯಲ್ಲಾಗಲಿ, ಗಂಗೊಳ್ಳಿಯಲ್ಲಾಗಲಿ, ಇಳಿತದ ಹೊತ್ತು ಒಳಗೆ ಬರಲು ನೋಡಬೇಡಿ. ಹೊರಗೆ ಆಳದಲ್ಲಿ ಕಾದು, ಉಬ್ಬರ ಏರುವಾಗ ಬನ್ನಿ. ಅಲೆಯ ಬೆನ್ನ ಮೇಲೆ ಇರಬೇಕು, ಮುಂದೆ ಅಲ್ಲ.

ಆ ರಾತ್ರಿ

ಬೋಟಿನಲ್ಲಿ ಮಲಗಬೇಡಿ. ಕತ್ತಲಾಗುವ ಮೊದಲು ಒಮ್ಮೆ ಹಗ್ಗ ನೋಡಿ, ಪಂಪು ಒತ್ತಿ ನೋಡಿ, ಮನೆಗೆ ಹೋಗಿ. ಎರಡು ಬೋಟು ಬಡಿದುಕೊಳ್ಳುತ್ತಿದ್ದರೆ ನಡುವೆ ಕಾಲು ಕೊಟ್ಟು ತಳ್ಳುವ ಧೈರ್ಯ ತೋರಿಸಬೇಡಿ. ಹತ್ತಾರು ಟನ್ನಿನ ಬೋಟಿಗೆ ನಿಮ್ಮ ಕಾಲು ಲೆಕ್ಕಕ್ಕಿಲ್ಲ.

ಮುಳುಗಿದರೆ

ಮೊದಲು ಫೋಟೋ, ವೀಡಿಯೋ. ಮೀನುಗಾರಿಕಾ ಇಲಾಖೆಗೆ, ವಿಮೆಯವರಿಗೆ ತಿಳಿಸಿ. ಆಮೇಲೆ ಎತ್ತುವುದು. ಆಳ ಕಡಿಮೆ ಇದ್ದರೆ ಕ್ರೇನ್ ಬೇಕಿಲ್ಲ. ಇಳಿತದಲ್ಲಿ ಬೋಟಿನ ಅಂಚು ನೀರಿನ ಮೇಲೆ ಬರುವ ಹೊತ್ತಿಗೆ ಕಾಯಿರಿ. ತೂತುಗಳಿಗೆ ಬಟ್ಟೆ, ಮರದ ಬೆಣೆ ಹೊಡೆದು, ಎರಡು ಡೀಸೆಲ್ ಪಂಪು ಇಟ್ಟು ಎಳೆಯಿರಿ. ಉಬ್ಬರ ಏರುವಾಗ ಬೋಟು ತಾನಾಗಿ ಏಳುತ್ತದೆ. ಅವಸರದಲ್ಲಿ ಒಂದೇ ಕಡೆಯಿಂದ ಜಗ್ಗಿದರೆ ಮಗುಚುತ್ತದೆ.

ನೀರು ಕುಡಿದ ಎಂಜಿನ್ನಿಗೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಸಿಹಿನೀರಿನಿಂದ ಪೂರ್ತಿ ತೊಳೆಯಿರಿ. ಇಂಜೆಕ್ಟರ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರು ಹೊರಗೆ ಹಾಕಿ. ಆಯಿಲ್ ಹಾಲಿನ ಚಹಾದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ ಅರ್ಥ. ಅದು ಶುದ್ಧವಾಗಿ ಬರುವವರೆಗೆ ಎರಡು ಮೂರು ಸಲ ಬದಲಿಸಿ. ಮೆಕ್ಯಾನಿಕ್ ನಾಳೆ ಬರುತ್ತೇನೆ ಅಂದರೆ ಕನಿಷ್ಠ ತೊಳೆದು ಡೀಸೆಲ್ ಆದರೂ ಸವರಿಡಿ. ಉಪ್ಪುನೀರು ಹೊಕ್ಕ ಎಂಜಿನ್ ಗಾಳಿಗೆ ಬಂದ ಗಂಟೆಯಿಂದಲೇ ತುಕ್ಕು ಹಿಡಿಯುತ್ತದೆ.

ಬೋಟು ಸರಿಯಿದ್ದರೂ ಗಾಳಿ ನಿಂತ ಮರುದಿನವೇ ಹೊರಡಬೇಡಿ. ಅಲೆ ತಣಿಯಲು ಇನ್ನೂ ಒಂದೆರಡು ದಿನ ಬೇಕು. ಹೊಳೆ ಕೆಂಪಾಗಿ ಹರಿಯುತ್ತಿದ್ದರೆ ನೀರಿನಡಿ ದಿಮ್ಮಿಗಳಿರುತ್ತವೆ, ಫ್ಯಾನಿಗೆ ಹೊಡೆಯುತ್ತವೆ. ಅಳಿವೆಯ ಮರಳೂ ಜಾಗ ಬದಲಿಸಿರುತ್ತದೆ, ಹೋದ ವಾರದ ಜಿಪಿಎಸ್ ಗೆರೆ ಕೆಲಸಕ್ಕೆ ಬರುವುದಿಲ್ಲ. ಮೊದಲ ಸಲ ಹಗಲಲ್ಲಿ, ಉಬ್ಬರದಲ್ಲಿ, ಒಂದು ಸಣ್ಣ ದೋಣಿಯನ್ನು ಮುಂದೆ ಕಳಿಸಿ ಕೋಲು ಹಾಕಿ ಆಳ ನೋಡಿಸಿ. ಅವರು ಕೈ ಬೀಸಿದ ಮೇಲೆ ಹಿಂದಿನಿಂದ ಬೋಟು ಬಿಡಿ.